ದಶಮಿಯ ರಾತ್ರಿ ಕೊಪರ್ನಿಕಸ್: ಮನೆ ಮಾಳಿಗೆಯಿಂದಲೇ ಚಂದ್ರನ ಒಂದು ಕುಳಿಯನ್ನು ಪೂರ್ತಿ ನೋಡುವುದು ಹೇಗೆ

ಚಂದ್ರನನ್ನು ನೋಡಬೇಕು ಅಂದರೆ ಹುಣ್ಣಿಮೆಗೆ ಕಾಯಬೇಡಿ. ಹೊಸದಾಗಿ ಟೆಲಿಸ್ಕೋಪ್ ತಂದವರು ಬಹಳಷ್ಟು ಜನ ಮಾಡುವುದು ಇದನ್ನೇ. ಹುಣ್ಣಿಮೆ ದಿನ ಮಾಳಿಗೆ ಹತ್ತುತ್ತಾರೆ, ಕಣ್ಣು ಕುಕ್ಕುವ ಬೆಳಕು ನೋಡುತ್ತಾರೆ, ಕುಳಿಗಳೇ ಸರಿಯಾಗಿ ಕಾಣಲಿಲ್ಲ ಅಂತ ಇಳಿದು ಬರುತ್ತಾರೆ. ಅವತ್ತು ಸೂರ್ಯ ನಮ್ಮ ಬೆನ್ನ ಹಿಂದಿನಿಂದ ನೇರವಾಗಿ ಚಂದ್ರನ ಮೇಲೆ ಬೆಳಕು ಚೆಲ್ಲುತ್ತಿರುತ್ತಾನೆ. ಹಾಗಾಗಿ ನೆರಳೇ ಕಾಣುವುದಿಲ್ಲ. ನೆರಳಿಲ್ಲದೆ ಏರು ಯಾವುದು, ತಗ್ಗು ಯಾವುದು ಅಂತ ಹೇಳೋಕೆ ಆಗಲ್ಲ.

ಈ ಬರಹ ಒಂದೇ ಒಂದು ಕುಳಿಯ ಬಗ್ಗೆ. ಹೆಸರು ಕೊಪರ್ನಿಕಸ್. ಅದರ ಜೊತೆಗೆ ಸುತ್ತಲಿನ ಬೆಟ್ಟ, ಬಯಲು, ಮರಿಕುಳಿ, ಅಳಿದುಹೋದ ಹಳೇ ಕುಳಿ ಇವೆಲ್ಲ ಬರುತ್ತವೆ. ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಚಂದ್ರನ ಮೇಲೆ ಯಾವುದು ಮೊದಲು ಆಯಿತು, ಯಾವುದು ಆಮೇಲೆ ಆಯಿತು ಅನ್ನುವುದನ್ನು ಪುಸ್ತಕದ ಹಂಗಿಲ್ಲದೆ ನಿಮ್ಮ ಕಣ್ಣಿನಿಂದಲೇ ಓದಬಹುದಾದ ಜಾಗ ಇದು. ಒಂದು ಸಲ ಇಲ್ಲಿ ಓದೋಕೆ ಬಂದರೆ ಚಂದ್ರನ ಯಾವ ಮೂಲೆಗೆ ಹೋದರೂ ದಾರಿ ತಪ್ಪುವುದಿಲ್ಲ.

ಗಾತ್ರ ಮೊದಲು ತಲೆಯಲ್ಲಿ ಕೂರಲಿ. ಕೊಪರ್ನಿಕಸ್‌ನ ಅಗಲ ಸುಮಾರು 93 ಕಿ.ಮೀ. ಅದರ ಒಂದು ಅಂಚನ್ನು ಚಿತ್ರದುರ್ಗದಲ್ಲಿಟ್ಟು ನೇರ ಗೆರೆ ಎಳೆದರೆ ಇನ್ನೊಂದು ಅಂಚು ರಾಣೆಬೆನ್ನೂರಿನ ಹತ್ತಿರ ಹೋಗುತ್ತದೆ. ಭರಮಸಾಗರ, ದಾವಣಗೆರೆ, ಹರಿಹರ ಎಲ್ಲವೂ ಒಳಗೆ. ಆಳ ಸುಮಾರು 3.8 ಕಿ.ಮೀ.

ಮೊದಲು ದಿನ ಗೊತ್ತು ಮಾಡಿಕೊಳ್ಳಿ

ಇದಕ್ಕೆ ಬೇಕಾದ ಸಾಧನ ಮನೆಯ ಗೋಡೆಯ ಮೇಲೇ ಇದೆ. ಪಂಚಾಂಗ, ಇಲ್ಲವೇ ತಿಥಿ ಹಾಕಿರುವ ಯಾವುದಾದರೂ ಕ್ಯಾಲೆಂಡರ್.

ಒಂದು ತಿಥಿ ಅಂದರೆ ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿಯಲು ಹಿಡಿಯುವ ಹೊತ್ತು. ಚಂದ್ರನ ಮೇಲೆ ಹಗಲು ಮತ್ತು ರಾತ್ರಿಯನ್ನು ಬೇರೆ ಮಾಡುವ ಗೆರೆಯೂ ದಿನಕ್ಕೆ ಹೆಚ್ಚುಕಡಿಮೆ 12 ಡಿಗ್ರಿಯೇ ಸರಿಯುತ್ತದೆ. ಎರಡೂ ಒಂದೇ ಲೆಕ್ಕ. ಹಾಗಾಗಿ ತಿಥಿ ಗೊತ್ತಿದ್ದರೆ ಇವತ್ತು ಚಂದ್ರನ ಯಾವ ಭಾಗದಲ್ಲಿ ಬೆಳಗಾಗುತ್ತಿದೆ ಅಂತ ಬಾಯಲ್ಲೇ ಹೇಳಬಹುದು. ಶುದ್ಧ ಅಷ್ಟಮಿಯ ನಡುವೆ ಆ ಗೆರೆ ಚಂದ್ರನ ಮಧ್ಯದಲ್ಲಿರುತ್ತದೆ, ಅಂದರೆ ಅರ್ಧ ಚಂದ್ರ. ಕೊಪರ್ನಿಕಸ್ ಇರುವುದು ಮಧ್ಯದಿಂದ 20 ಡಿಗ್ರಿ ಪಶ್ಚಿಮಕ್ಕೆ, ಸುಮಾರು 10 ಡಿಗ್ರಿ ಉತ್ತರಕ್ಕೆ. ಲೆಕ್ಕ ಹಾಕಿದರೆ ಅಲ್ಲಿ ಸೂರ್ಯ ಹುಟ್ಟುವುದು ಶುದ್ಧ ದಶಮಿಯ ಹೊತ್ತಿಗೆ.

ವಿಜಯದಶಮಿಯೂ ಶುದ್ಧ ದಶಮಿಯೇ ಅಲ್ವಾ? ಬನ್ನಿ ಕೊಟ್ಟು, ಹಿರಿಯರ ಕಾಲಿಗೆ ನಮಸ್ಕಾರ ಮಾಡಿ ಮನೆಗೆ ಬಂದ ಮೇಲೆ ಆಕಾಶ ತೆರವಾಗಿದ್ದರೆ ಮಾಳಿಗೆ ಹತ್ತಿ ನೋಡಿ. ಕೊಪರ್ನಿಕಸ್‌ನಲ್ಲಿ ಆಗ ಬೆಳಗಿನ ಹೊತ್ತು. ರಾಮನವಮಿಯ ರಾತ್ರಿ ಪಕ್ಕದ ಎರಟೋಸ್ತನೀಸ್ ಕುಳಿ ಚೆನ್ನಾಗಿರುತ್ತದೆ. ವೈಕುಂಠ ಏಕಾದಶಿಯ ರಾತ್ರಿ ಇನ್ನಷ್ಟು ಪಶ್ಚಿಮದ ಗುಬುಟುಗಳು ಕಾಣುತ್ತವೆ, ಅದನ್ನು ಮುಂದೆ ಹೇಳುತ್ತೇನೆ. ಹಬ್ಬವೇ ಆಗಬೇಕಿಲ್ಲ. ತಿಂಗಳಿಗೊಂದು ಶುದ್ಧ ದಶಮಿ ಬಂದೇ ಬರುತ್ತದೆ.

ಇಲ್ಲಿ ಎರಡು ವಿಷಯ ಗಮನಿಸಬೇಕು. ಕ್ಯಾಲೆಂಡರ್‌ನಲ್ಲಿ ಬರೆದಿರುವುದು ಸಾಮಾನ್ಯವಾಗಿ ಸೂರ್ಯೋದಯದ ಹೊತ್ತಿನ ತಿಥಿ. ಅದು ಮಧ್ಯಾಹ್ನವೇ ಮುಗಿದು ಸಂಜೆಗೆ ಮುಂದಿನ ತಿಥಿ ಬಂದಿರಬಹುದು, ಹಾಗಾಗಿ ಪಕ್ಕದಲ್ಲಿರುವ ಗಂಟೆ ನಿಮಿಷವನ್ನೂ ನೋಡಿ, ರಾತ್ರಿ ಎಂಟರ ಹೊತ್ತಿಗೆ ಯಾವ ತಿಥಿ ಇರುತ್ತದೆ ಅನ್ನುವುದೇ ನಮಗೆ ಮುಖ್ಯ. ಎರಡನೆಯದು, ಚಂದ್ರ ನಮಗೆ ಯಾವಾಗಲೂ ಒಂದೇ ಮುಖ ತೋರಿಸಿದರೂ ಆ ಮುಖ ಏಳೆಂಟು ಡಿಗ್ರಿಯಷ್ಟು ಆಚೀಚೆ ಓಲಾಡುತ್ತದೆ. ಇದರಿಂದ ಕೊಪರ್ನಿಕಸ್‌ನ ಸೂರ್ಯೋದಯ ಅರ್ಧ ದಿನಕ್ಕೂ ಜಾಸ್ತಿ ಹಿಂದೆ ಮುಂದೆ ಆಗಬಹುದು. ಆದ್ದರಿಂದ ನವಮಿ, ದಶಮಿ, ಏಕಾದಶಿ ಮೂರೂ ರಾತ್ರಿಗಳನ್ನು ಇದಕ್ಕೆ ಅಂತ ಎತ್ತಿಡಿ. ಮೂರರಲ್ಲೂ ನೋಡುವಂಥದ್ದು ಬೇರೆ ಬೇರೆ ಇದೆ.

ಸಾಮಾನು

ಜಾಸ್ತಿ ಬೇಡ. 10×50 ಬೈನಾಕ್ಯುಲರ್ ಇದ್ದರೆ ಕುಳಿ ಒಂದು ಸಣ್ಣ ಉಂಗುರದ ಹಾಗೆ ಕಾಣುತ್ತದೆ. ಆದರೆ ಕೈ ನಡುಗಬಾರದು, ಗೋಡೆಗೋ ನೀರಿನ ಟ್ಯಾಂಕಿಗೋ ಒರಗಿ ಹಿಡಿಯಿರಿ, ಟ್ರೈಪಾಡ್ ಇದ್ದರೆ ಇನ್ನೂ ಒಳ್ಳೆಯದು. ಒಳಗಿನ ಬೆಟ್ಟ, ಮೆಟ್ಟಿಲು ನೋಡಬೇಕಾದರೆ ಟೆಲಿಸ್ಕೋಪ್ ಬೇಕು. 70 ಮಿ.ಮೀ. ಲೆನ್ಸ್ ಟೆಲಿಸ್ಕೋಪ್ ಸಾಕು. ಅದು ಚಂದ್ರನ ಮೇಲೆ ಸುಮಾರು 3 ಕಿ.ಮೀ. ಗಾತ್ರದ ವಿವರ ಬಿಡಿಸಿ ತೋರಿಸಬಲ್ಲದು. 130 ಅಥವಾ 150 ಮಿ.ಮೀ. ಕನ್ನಡಿ ಟೆಲಿಸ್ಕೋಪ್ ಆದರೆ ಇದರ ಅರ್ಧದಷ್ಟು ಸಣ್ಣ ವಿವರವೂ ಸಿಗುತ್ತದೆ.

ಎಷ್ಟು ಪಟ್ಟು ದೊಡ್ಡದು ಮಾಡಬೇಕು ಅನ್ನುವಲ್ಲಿ ಆಸೆ ಪಡಬೇಡಿ. ಟೆಲಿಸ್ಕೋಪಿನ ಬಾಯಿ ಎಷ್ಟು ಮಿ.ಮೀ. ಇದೆಯೋ ಅದರ ಎರಡರಷ್ಟು, ಅಷ್ಟೇ ಮಿತಿ. 70 ಮಿ.ಮೀ.ಗೆ 140 ಪಟ್ಟು. ಅದಕ್ಕಿಂತ ಮೇಲೆ ಹೋದರೆ ಚಿತ್ರ ದೊಡ್ಡದಾಗುತ್ತದೆ, ಮಬ್ಬಾಗುತ್ತದೆ, ಹೊಸದೇನೂ ಕಾಣಲ್ಲ. ಡಬ್ಬದ ಮೇಲೆ 500 ಪಟ್ಟು ಅಂತ ದೊಡ್ಡದಾಗಿ ಬರೆದಿದ್ದರೆ ನಂಬಬೇಡಿ. ಲೆಕ್ಕ ಸುಲಭ. ಟೆಲಿಸ್ಕೋಪಿನ ಫೋಕಲ್ ಲೆಂತ್ ಅನ್ನು ಐಪೀಸ್, ಅಂದರೆ ಕಣ್ಣಿಡುವ ಕಡೆ ಹಾಕುವ ಸಣ್ಣ ಲೆನ್ಸ್, ಅದರ ಮೇಲೆ ಬರೆದ ಸಂಖ್ಯೆಯಿಂದ ಭಾಗಿಸಿ. 700 ಮಿ.ಮೀ. ಟೆಲಿಸ್ಕೋಪಿಗೆ 10 ಮಿ.ಮೀ. ಐಪೀಸ್ ಹಾಕಿದರೆ 70 ಪಟ್ಟು. ಕೊಪರ್ನಿಕಸ್‌ಗೆ 70ರಿಂದ 120 ಪಟ್ಟು ಹದವಾದದ್ದು.

ಒಂದು ಎಚ್ಚರಿಕೆ. ದಶಮಿಯ ಚಂದ್ರ ಮಧ್ಯಾಹ್ನವೇ ಮೂಡಿರುತ್ತಾನೆ. ಆಕಾಶದಲ್ಲಿ ಕಂಡ ಅಂತ ಹಗಲಲ್ಲೇ ಟೆಲಿಸ್ಕೋಪ್ ತಿರುಗಿಸಲು ಹೋಗಬೇಡಿ, ಮಕ್ಕಳ ಕೈಗಂತೂ ಕೊಡಲೇಬೇಡಿ. ತಪ್ಪಿ ಸೂರ್ಯನ ಕಡೆ ಹೋದರೆ ಕಣ್ಣು ಶಾಶ್ವತವಾಗಿ ಹೋಗುತ್ತದೆ. ಸೂರ್ಯ ಪೂರ್ತಿ ಮುಳುಗಲಿ.

ಜಾಗ, ಗಾಳಿ, ಮಾಳಿಗೆಯ ಬಿಸಿ

ಚಂದ್ರನಿಗೆ ಕತ್ತಲ ಊರು ಬೇಕಿಲ್ಲ. ಜೋಗಿಮಟ್ಟಿಗೋ ಊರಾಚೆಗೋ ಹೋಗುವ ಅಗತ್ಯ ಇಲ್ಲ. ದಾವಣಗೆರೆಯ ನಡುಮಧ್ಯದ ಮನೆಯಾದರೂ, ಬೀದಿ ದೀಪ ಪಕ್ಕದಲ್ಲೇ ಉರಿಯುತ್ತಿದ್ದರೂ ಕೊಪರ್ನಿಕಸ್ ಅಷ್ಟೇ ಚೆನ್ನಾಗಿ ಕಾಣುತ್ತದೆ. ತೊಂದರೆ ಕೊಡುವುದು ಬೆಳಕಲ್ಲ, ಬಿಸಿ ಮತ್ತು ಗಾಳಿ.

ನಮ್ಮ ಕಡೆ ಆರ್‌ಸಿಸಿ ಮಾಳಿಗೆ ಹಗಲಿಡೀ ಕಾದು ರಾತ್ರಿ ಹತ್ತರವರೆಗೂ ಬಿಸಿ ಬಿಡುತ್ತಾ ಇರುತ್ತದೆ. ಬೇಸಿಗೆಯಲ್ಲಿ ಬರಿಗಾಲಲ್ಲಿ ನಿಂತರೆ ಗೊತ್ತಾಗುತ್ತದಲ್ಲ, ಅದೇ ಬಿಸಿ ಮೇಲೇಳುವಾಗ ಐಪೀಸಿನಲ್ಲಿ ಚಂದ್ರನ ಅಂಚು ಕುದಿಯುತ್ತಿರುವಂತೆ ಕಾಣುತ್ತದೆ. ಅಂಗಳ, ಹಿತ್ತಲು, ಹೊಲದ ಬದು, ಇಂಥ ಮಣ್ಣಿನ ನೆಲ ಸಿಕ್ಕರೆ ಅದೇ ಒಳ್ಳೆಯದು. ಮಾಳಿಗೆಯೇ ಗತಿ ಅಂದರೆ ಒಂಬತ್ತರ ಮೇಲೆ ಹತ್ತಿ. ಟೆಲಿಸ್ಕೋಪನ್ನು ಮಾತ್ರ ಅರ್ಧ ಮುಕ್ಕಾಲು ಗಂಟೆ ಮೊದಲೇ ಹೊರಗಿಡಿ. ಅದರ ಗಾಜು ಕೂಡ ಹೊರಗಿನ ತಂಪಿಗೆ ಹೊಂದಿಕೊಳ್ಳಬೇಕು.

ಚಿತ್ರದುರ್ಗದವರಿಗೆ ಗಾಳಿಯ ಬಗ್ಗೆ ಬಿಡಿಸಿ ಹೇಳಬೇಕಿಲ್ಲ, ಬೆಟ್ಟದ ಮೇಲೆ ಅಷ್ಟು ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಆಷಾಢ, ಶ್ರಾವಣದಲ್ಲಿ ಮೋಡ ಇಲ್ಲದ ರಾತ್ರಿ ಸಿಕ್ಕರೂ ಗಾಳಿಗೆ ಟ್ರೈಪಾಡ್ ನಡುಗುತ್ತದೆ. ಪ್ಯಾರಾಪೆಟ್ ಗೋಡೆಯ ಮರೆಯಲ್ಲಿ, ಟ್ರೈಪಾಡಿನ ಕಾಲು ಪೂರ್ತಿ ಎತ್ತದೆ, ಕುಳಿತು ನೋಡಿ. ಟ್ರೈಪಾಡಿನ ನಡುವೆ ಮರಳು ತುಂಬಿದ ಚೀಲವೊಂದನ್ನು ತೂಗುಹಾಕಿದರೆ ನಡುಕ ಎಷ್ಟೋ ಕಡಿಮೆಯಾಗುತ್ತದೆ. ನನ್ನ ಪ್ರಕಾರ ದೀಪಾವಳಿಯಿಂದ ಶಿವರಾತ್ರಿಯವರೆಗಿನ ತಿಂಗಳುಗಳೇ ಇದಕ್ಕೆ ಸರಿಯಾದ ಕಾಲ.

ಇನ್ನೊಂದು ಮಾತು. ನಮ್ಮ ಊರುಗಳು 14 ಡಿಗ್ರಿ ಉತ್ತರದಲ್ಲಿವೆ. ಹಾಗಾಗಿ ದಶಮಿಯ ಚಂದ್ರ ಸಂಜೆ ಏಳೆಂಟರ ಹೊತ್ತಿಗೆ ಬಹಳ ತಿಂಗಳು ನೆತ್ತಿಯ ಆಸುಪಾಸಿನಲ್ಲೇ ಇರುತ್ತಾನೆ. ಮೇಲಿದ್ದಷ್ಟೂ ನಡುವೆ ಗಾಳಿಯ ಪದರ ಕಡಿಮೆ, ಚಿತ್ರ ಸ್ಪಷ್ಟ. ಯುರೋಪಿನಲ್ಲಿರುವವರಿಗೆ ಈ ಭಾಗ್ಯ ಇಷ್ಟು ಸುಲಭವಾಗಿ ಸಿಗಲ್ಲ. ಕತ್ತು ಮಾತ್ರ ನೋಯುತ್ತದೆ. ಬೈನಾಕ್ಯುಲರ್ ಆದರೆ ಚಾಪೆ ಹಾಸಿ ಮಲಗಿ ನೋಡಿ.

ಕುಳಿ ಹುಡುಕುವುದು

ಈಗಿನ ನಕಾಶೆಗಳಲ್ಲಿ ಚಂದ್ರನ ಉತ್ತರ ಸಾಮಾನ್ಯವಾಗಿ ಮೇಲೆ ಇರುತ್ತದೆ. ನಮ್ಮ ಆಕಾಶದಲ್ಲಿ ಹಾಗಿರುವುದಿಲ್ಲ. ರಾತ್ರಿ ಹತ್ತರ ಮೇಲೆ ಚಂದ್ರ ಪಶ್ಚಿಮಕ್ಕೆ ವಾಲಿದಾಗ ನೀವು ಆ ಕಡೆ ಮುಖ ಮಾಡಿ ನಿಂತರೆ ಅವನ ಉತ್ತರ ನಿಮ್ಮ ಬಲಗಡೆ ಬಂದಿರುತ್ತದೆ. ಕನ್ನಡಿ ಟೆಲಿಸ್ಕೋಪ್ ಚಿತ್ರವನ್ನು ತಲೆಕೆಳಗು ಮಾಡುತ್ತದೆ. ಲೆನ್ಸ್ ಟೆಲಿಸ್ಕೋಪಿನ ಡಯಾಗನಲ್, ಅಂದರೆ ಐಪೀಸಿನ ಮೊದಲು ಹಾಕುವ ಕನ್ನಡಿಯಿರುವ ಬಾಗಿದ ತುಂಡು, ಎಡಬಲ ಅದಲುಬದಲು ಮಾಡುತ್ತದೆ. ಆದ್ದರಿಂದ ಎಡ, ಬಲ, ಮೇಲೆ, ಕೆಳಗೆ ಮರೆತುಬಿಡಿ. ಗುರುತು ಹಿಡಿದು ಹೋಗಿ. ಡಯಾಗನಲ್ ಇರುವವರು ಫೋನಿನಲ್ಲಿ ನಕಾಶೆಯ ಚಿತ್ರವನ್ನು ಒಮ್ಮೆ ಫ್ಲಿಪ್ ಮಾಡಿ ಇಟ್ಟುಕೊಂಡರೆ ಗೊಂದಲ ಇರಲ್ಲ.

ಮೊದಲು ಕಡಿಮೆ ಪಟ್ಟಿನ ಐಪೀಸ್ ಹಾಕಿ ಇಡೀ ಚಂದ್ರನನ್ನು ನೋಡಿ. ಬೆಳಕು ಮುಗಿದು ಕತ್ತಲು ಶುರುವಾಗುವ ಗೆರೆಯ ಉದ್ದಕ್ಕೂ ಕಣ್ಣಾಡಿಸಿ. ಒಂದು ತುದಿಯ ಕಡೆ ಕುಳಿಗಳು ಒತ್ತೊತ್ತಾಗಿವೆ, ಖಾಲಿ ಜಾಗವೇ ಇಲ್ಲ. ಅದು ದಕ್ಷಿಣ. ಇನ್ನೊಂದು ಕಡೆ ನುಣುಪಾದ ಕಪ್ಪು ಬಯಲು, ಅದರ ಅಂಚಿನಲ್ಲಿ ಕಮಾನಿನ ಹಾಗೆ ಬಾಗಿದ ಉದ್ದನೆಯ ಬೆಟ್ಟಸಾಲು. ಅದು ಉತ್ತರ. ಆ ಬಯಲು ಮಾರೆ ಇಂಬ್ರಿಯಂ, ಬೆಟ್ಟಸಾಲು ಅಪೆನೈನ್.

ಈ ಅಪೆನೈನ್ ನಿಮ್ಮ ದಾರಿ. ಅದನ್ನು ಹಿಡಿದು ಕತ್ತಲ ಗೆರೆಯ ಕಡೆಗೆ ಬನ್ನಿ. ಸಾಲು ಸಣ್ಣದಾಗುತ್ತಾ ಬಂದು ಮುಗಿಯುವ ಕಡೆ ಒಂದು ಆಳವಾದ ದುಂಡನೆಯ ಕುಳಿ ಇದೆ. ಅಗಲ ಸುಮಾರು 58 ಕಿ.ಮೀ. ಅದು ಎರಟೋಸ್ತನೀಸ್. ಅಲ್ಲಿಂದ ನೈರುತ್ಯಕ್ಕೆ ಇನ್ನು 300 ಕಿ.ಮೀ., ಅಂದರೆ ಕೊಪರ್ನಿಕಸ್‌ನದೇ ಅಗಲದ ಮೂರರಷ್ಟು ಮುಂದೆ ಹೋದರೆ ನಿಮ್ಮ ಕುಳಿ. ಸುತ್ತ ಬಯಲೇ ಇರುವುದರಿಂದ ಬೇರೆ ಯಾವುದೋ ಕುಳಿ ಅಂತ ತಪ್ಪು ತಿಳಿಯುವ ಭಯವಿಲ್ಲ.

ಒಳಗೆ ಏನಿದೆ

ಈಗ ಪಟ್ಟು ಹೆಚ್ಚಿಸಿ. ಇಲ್ಲಿ ಅವಸರ ಬೇಡ.

ಚಂದ್ರನ ಮೇಲೆ ಬೆಳಗಿನ ಗೆರೆ ಗಂಟೆಗೆ ಸುಮಾರು 15 ಕಿ.ಮೀ. ವೇಗದಲ್ಲಿ ಸರಿಯುತ್ತದೆ. ಸೈಕಲ್ ತುಳಿಯುವಷ್ಟು ನಿಧಾನ. 93 ಕಿ.ಮೀ. ದಾಟಲು ಅದಕ್ಕೆ ಆರು ಗಂಟೆ ಬೇಕು. ಅಂದರೆ ಹೊತ್ತು ಕೂಡಿ ಬಂದ ರಾತ್ರಿ ಸಂಜೆ ಏಳರಿಂದ ಚಂದ್ರ ಮುಳುಗುವ ಒಂದು ಒಂದೂವರೆಯ ತನಕ ನೀವು ಒಂದು ಕುಳಿಯಲ್ಲಿ ಬೆಳಗಾಗುವುದನ್ನೇ ನೋಡಬಹುದು. ಮೊದಲು ಪೂರ್ವದ ಅಂಚಿನ ಹೊರ ಇಳಿಜಾರಿಗೆ ಬೆಳಕು ತಾಗುತ್ತದೆ. ಒಳಗೆ ಪೂರ್ತಿ ಕಪ್ಪು. ಸ್ವಲ್ಪ ಹೊತ್ತಿಗೆ ಆ ಕಪ್ಪಿನ ಆಚೆ, ಇನ್ನೂ ರಾತ್ರಿಯೇ ಇರುವ ಜಾಗದಲ್ಲಿ ಒಂದು ತೆಳುವಾದ ಹೊಳೆಯುವ ಎಳೆ ಏಳುತ್ತದೆ. ಮೊದಲು ತುಂಡು ತುಂಡು ಚುಕ್ಕೆಗಳು, ಆಮೇಲೆ ಅವು ಕೂಡಿಕೊಂಡು ಬಿಲ್ಲಿನ ಆಕಾರ. ಅದು ಪಶ್ಚಿಮದ ಗೋಡೆಯ ನೆತ್ತಿ. ನೆಲಕ್ಕಿಂತ ಎತ್ತರದಲ್ಲಿರುವುದರಿಂದ ಅದಕ್ಕೆ ಮೊದಲು ಬಿಸಿಲು. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ, ಆ ಎಳೆ ದಪ್ಪಗಾಗಿರುತ್ತದೆ. ಬೆಳಕು ಗೋಡೆಯ ಮೇಲಿಂದ ಕೆಳಕ್ಕೆ ಇಳಿಯುತ್ತಿದೆ.

ಆ ಗೋಡೆ ನಯವಾದ ಇಳಿಜಾರಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕುಸಿದಿದೆ. ಬೆಳಕಿನ ಪಟ್ಟಿ, ನೆರಳಿನ ಪಟ್ಟಿ ಒಂದರ ಕೆಳಗೊಂದು ಕಾಣುತ್ತವೆ. 70 ಮಿ.ಮೀ.ನಲ್ಲೂ ಎರಡು ಮೂರು ಹಂತ ಎಣಿಸಬಹುದು. ಉಲ್ಕೆ ಬಂದು ಗುದ್ದಿದಾಗ ಮೊದಲು ತೋಡಿದ ಗುಂಡಿ ಇದಕ್ಕಿಂತ ಕಡಿದಾಗಿತ್ತು. ಅಷ್ಟು ದೊಡ್ಡ ಗುಂಡಿಯ ಗೋಡೆ ತನ್ನ ಭಾರ ತಾನೇ ತಡೆಯಲಾರದೆ ಒಳಕ್ಕೆ ಜಾರಿ ಬಿತ್ತು. ಆ ಜಾರಿದ ತುಂಡುಗಳೇ ಈ ಮೆಟ್ಟಿಲುಗಳು.

ನಡುವೆ ಬೆಟ್ಟ ಇದೆ. ಒಂದಲ್ಲ, ಮೂರು ಗುಂಪು. ಎತ್ತರದ್ದು ನೆಲದಿಂದ ಸುಮಾರು 1.2 ಕಿ.ಮೀ. ಇವಕ್ಕೆ ಬೆಳಕು ತಾಗುವುದು ಕುಳಿಯಲ್ಲಿ ಸೂರ್ಯ ಹುಟ್ಟಿ ಏಳೆಂಟು ಗಂಟೆ ಆದ ಮೇಲೆ, ಅಲ್ಲಿಯವರೆಗೂ ಪೂರ್ವದ ಅಂಚಿನ ನೆರಳು ಇವುಗಳನ್ನು ಮುಚ್ಚಿರುತ್ತದೆ. ಕಪ್ಪು ನೆಲದ ನಡುವೆ ಎರಡು ಮೂರು ಬೆಳಕಿನ ಚುಕ್ಕೆ ಕಂಡರೆ ಅವೇ. ಇವು ಜ್ವಾಲಾಮುಖಿಗಳಲ್ಲ. ಗುದ್ದಿದ ಏಟಿಗೆ ಅದುಮಿಕೊಂಡ ಆಳದ ಕಲ್ಲು ತಿರುಗಿ ಮೇಲಕ್ಕೆ ಚಿಮ್ಮಿ ಹಾಗೇ ನಿಂತದ್ದು. 1982ರಲ್ಲಿ ವಿಜ್ಞಾನಿ ಕಾರ್ಲೆ ಪೀಟರ್ಸ್ ಅವರು ಭೂಮಿಯ ಮೇಲಿನ ಟೆಲಿಸ್ಕೋಪಿನಿಂದಲೇ ಈ ಬೆಟ್ಟಗಳಲ್ಲಿ ಆಲಿವಿನ್ ಅನ್ನುವ ಖನಿಜ ಇರುವುದನ್ನು ತೋರಿಸಿಕೊಟ್ಟರು. ಆಲಿವಿನ್ ಸಾಮಾನ್ಯವಾಗಿ ಆಳದಲ್ಲಿರುವ ಖನಿಜ. ಚಂದ್ರನ ಹೊಟ್ಟೆಯೊಳಗಿನ ಕಲ್ಲನ್ನು ನೀವು ಮಾಳಿಗೆಯ ಮೇಲೆ ನಿಂತು ನೋಡುತ್ತಿದ್ದೀರಿ.

ಮರುದಿನ ಏಕಾದಶಿಗೆ ನೆಲವೂ ತೆರೆದುಕೊಳ್ಳುತ್ತದೆ. ವಾಯುವ್ಯ ಭಾಗ ನುಣುಪು, ದಕ್ಷಿಣ ಭಾಗ ಸಣ್ಣ ಗುಡ್ಡಗಳಿಂದ ಒರಟು. ಈ ವ್ಯತ್ಯಾಸ ಹಿಡಿಯಲು 100 ಪಟ್ಟಾದರೂ ಬೇಕು.

ಇಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಒಂದು ವಿಷಯ ಹೇಳಲೇಬೇಕು. ಚಳ್ಳಕೆರೆ ತಾಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋದವರು ಚಂದ್ರನ ನೆಲದ ಹಾಗೆ ಕೃತಕ ಕುಳಿಗಳನ್ನು ತೋಡಿಸಿದ್ದರು. ಚಂದ್ರಯಾನ-2ರ ಲ್ಯಾಂಡರ್‌ನ ಸೆನ್ಸರ್‌ಗಳು ಮೇಲಿನಿಂದ ಕುಳಿ ಗುರುತಿಸುತ್ತವೆಯಾ ಅಂತ ವಿಮಾನದಲ್ಲಿ ಹಾರಿಸಿ ಪರೀಕ್ಷೆ ಮಾಡಿದ್ದು ಅಲ್ಲಿ. ಆ ಕುಳಿಗಳು ಸುಮಾರು 10 ಮೀಟರ್ ಅಗಲ, 3 ಮೀಟರ್ ಆಳ. ಅಗಲದ ಮೂರನೇ ಒಂದು ಭಾಗ ಆಳ. ಕೊಪರ್ನಿಕಸ್‌ಗೆ ಇದೇ ಲೆಕ್ಕ ಹಾಕಿ. 93ಕ್ಕೆ 3.8, ಅಂದರೆ ಇಪ್ಪತ್ತನಾಲ್ಕನೇ ಒಂದು ಭಾಗ! ಚಂದ್ರನ ಸಣ್ಣ ಕುಳಿಗಳು ಬಟ್ಟಲಿನ ಹಾಗೆ, ದೊಡ್ಡವು ಗೋಡೆ ಕುಸಿದು ನೆಲ ಎದ್ದು ಚಪ್ಪಟೆ. ಕೊಪರ್ನಿಕಸ್‌ನ ನಟ್ಟನಡುವೆ ನಿಂತರೆ ಸುತ್ತಲಿನ ಗೋಡೆ ಬಾನಂಚಿನಿಂದ ಬರೀ 4 ಡಿಗ್ರಿಯಷ್ಟು ಮೇಲೆ ಕಾಣುತ್ತದೆ. ಕುಳಿಯೊಳಗೆ ಇದ್ದೀವಿ ಅಂತ ಅನ್ನಿಸುವುದೇ ಇಲ್ಲ. ನಮ್ಮ ಕಣ್ಣಿಗೆ ಅದು ಅಷ್ಟು ಆಳವಾಗಿ ಕಾಣುವುದು ಓರೆ ಬಿಸಿಲಿನ ಉದ್ದ ನೆರಳಿನಿಂದ.

ಸುತ್ತಮುತ್ತ ಒಂದು ಸುತ್ತು

ಕುಳಿಯಿಂದ ಹೊರಗೆ ಬನ್ನಿ. ಅಂಚಿನ ಹೊರಗೂ ನೆಲ ಸಮ ಇಲ್ಲ, ಗೆರೆ ಗೆರೆಯಾಗಿ ಒರಟಾಗಿದೆ. ಗುಂಡಿಯಿಂದ ಹೊರಗೆ ಬಿದ್ದ ಕಲ್ಲು ಮಣ್ಣು ಅದು.

ಉತ್ತರಕ್ಕೆ ಕಾರ್ಪೇಥಿಯನ್ ಬೆಟ್ಟಸಾಲು. ಅಪೆನೈನ್‌ನ ಹಾಗೆ ಇದೂ ಇಂಬ್ರಿಯಂ ಬಯಲಿನ ಅಂಚು, ಆದರೆ ತುಂಡು ತುಂಡಾಗಿದೆ. ಅದರ ನಡುವೆ ಗೇ-ಲುಸಾಕ್ ಅನ್ನುವ 26 ಕಿ.ಮೀ. ಕುಳಿ.

ದಕ್ಷಿಣಕ್ಕೆ, ಕುಳಿಯ ನಡುವಿನಿಂದ ಸುಮಾರು 100 ಕಿ.ಮೀ. ದೂರದಲ್ಲಿ ಫೌತ್. ದೊಡ್ಡ ಕುಳಿಗೆ ಸಣ್ಣದೊಂದು ಅಂಟಿಕೊಂಡು ಕೀಲಿಕಂಡಿಯ ಆಕಾರ ಆಗಿದೆ. ಒಮ್ಮೆ ಕಂಡರೆ ಮರೆಯಲ್ಲ. ದೊಡ್ಡದೇ ಬರೀ 12 ಕಿ.ಮೀ. ಇರುವುದರಿಂದ ನಿಮ್ಮ ಟೆಲಿಸ್ಕೋಪ್ ಎಷ್ಟು ಚೆನ್ನಾಗಿದೆ ಅಂತ ನೋಡೋಕೆ ಇದು ಒಳ್ಳೆ ಗುರುತು. ನೈರುತ್ಯಕ್ಕೆ ರೈನ್‌ಹೋಲ್ಡ್, 43 ಕಿ.ಮೀ. ಇನ್ನೂ ದಕ್ಷಿಣಕ್ಕೆ ಹೋದರೆ, ಕೊಪರ್ನಿಕಸ್‌ನಿಂದ 400 ಕಿ.ಮೀ. ಆಸುಪಾಸಿನಲ್ಲಿ, 1969ರ ನವೆಂಬರ್‌ನಲ್ಲಿ ಅಪೊಲೊ 12 ಇಳಿದ ಜಾಗ. ಅಲ್ಲಿ ನಮಗೆ ಏನೂ ಕಾಣಲ್ಲ, ಜಾಗ ಮಾತ್ರ ನೋಡಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಪೂರ್ವಕ್ಕೆ, ಎರಟೋಸ್ತನೀಸ್ ಕಡೆ ಹೋಗುವ ದಾರಿಯಲ್ಲಿ ಸ್ವಲ್ಪ ದಕ್ಷಿಣಕ್ಕೆ ಸರಿದು, ಸ್ಟೇಡಿಯಸ್. ನನಗೆ ಈ ಇಡೀ ಪ್ರದೇಶದಲ್ಲಿ ಅತಿ ಇಷ್ಟದ್ದು ಇದು. 69 ಕಿ.ಮೀ. ಅಗಲದ ಕುಳಿ, ಎರಟೋಸ್ತನೀಸ್‌ಗಿಂತ ದೊಡ್ಡದು, ಆದರೆ ಲಾವಾ ಹರಿದು ತುಂಬಿ ಅಂಚು ಅಲ್ಲಲ್ಲಿ ಮಾತ್ರ ಉಳಿದಿದೆ. ನವಮಿ ರಾತ್ರಿ ಅಥವಾ ದಶಮಿಯ ಸಂಜೆ, ಸೂರ್ಯ ಅಲ್ಲಿ ತೀರಾ ಕೆಳಗಿದ್ದಾಗ ಮಾತ್ರ ಮಸುಕಾದ ವೃತ್ತ ಕಾಣುತ್ತದೆ. ಒಂದು ದಿನ ತಡ ಆದರೆ ಅಲ್ಲಿ ಏನೂ ಇಲ್ಲವೇನೋ ಅನ್ನುವಂತೆ ಮಾಯ. ಅದರ ಪಕ್ಕದಲ್ಲೇ ಸಣ್ಣ ಸಣ್ಣ ಕುಳಿಗಳ ಸರಣಿಯೊಂದು ಉತ್ತರಕ್ಕೆ ಇಂಬ್ರಿಯಂ ಕಡೆ ಹೋಗುತ್ತದೆ. ಅವು ಬೇರೆ ಬೇರೆ ಉಲ್ಕೆಗಳು ಬಿದ್ದು ಆದದ್ದಲ್ಲ. ಕೊಪರ್ನಿಕಸ್ ಆದಾಗ ಹಾರಿದ ಬಂಡೆಗಳು ಸಾಲಾಗಿ ಬಂದು ಬಿದ್ದು ಮಾಡಿದ ಮರಿಕುಳಿಗಳು.

ಪಶ್ಚಿಮಕ್ಕೆ ಹೋಗಬೇಕಾದರೆ ಏಕಾದಶಿಗೆ ಕಾಯಿರಿ. ಹೊರ್ಟೆನ್ಸಿಯಸ್ ಅನ್ನುವ ಸಣ್ಣ ಕುಳಿಯ ಉತ್ತರದಲ್ಲಿ ಆರು ಗುಬುಟುಗಳ ಗುಂಪಿದೆ. ಇವು ನಿಜವಾದ ಜ್ವಾಲಾಮುಖಿಗಳು. ಅಗಲ ಹತ್ತು ಕಿ.ಮೀ. ಆಸುಪಾಸು, ಎತ್ತರ ಕೆಲವೇ ನೂರು ಮೀಟರ್. ಇಷ್ಟು ಚಪ್ಪಟೆ ಇರುವುದರಿಂದ ಬೆಳಗಿನ ಗೆರೆ ಪಕ್ಕದಲ್ಲೇ ಇದ್ದಾಗ ಮಾತ್ರ ಕಾಣುತ್ತವೆ. 100 ಮಿ.ಮೀ.ಗಿಂತ ದೊಡ್ಡ ಟೆಲಿಸ್ಕೋಪ್, ಅಲುಗಾಡದ ಗಾಳಿ ಎರಡೂ ಬೇಕು. ಮೊದಲ ಸಲಕ್ಕೇ ಸಿಗದಿದ್ದರೆ ಬೇಜಾರಾಗಬೇಡಿ, ಮುಂದಿನ ತಿಂಗಳು ನೋಡಿ.

ಯಾವುದು ಮೊದಲು, ಯಾವುದು ಆಮೇಲೆ

ಈಗ ಕಂಡದ್ದನ್ನೆಲ್ಲ ಒಂದರ ಮೇಲೊಂದು ಇಟ್ಟು ನೋಡಿ. ನಿಯಮ ಒಂದೇ. ಮೇಲೆ ಬಿದ್ದಿರುವುದು ಹೊಸದು, ಕೆಳಗೆ ಮುಚ್ಚಿಹೋಗಿರುವುದು ಹಳೆಯದು.

ಅಪೆನೈನ್, ಕಾರ್ಪೇಥಿಯನ್ ಬೆಟ್ಟಗಳ ಬುಡಕ್ಕೆ ಕಪ್ಪು ಲಾವಾ ಬಂದು ನಿಂತಿದೆ. ಹಾಗಾದರೆ ಬೆಟ್ಟ ಮೊದಲು, ಲಾವಾ ಆಮೇಲೆ. ಸ್ಟೇಡಿಯಸ್‌ನೊಳಗೆ ಲಾವಾ ತುಂಬಿದೆ, ಅದೂ ಲಾವಾಕ್ಕಿಂತ ಹಳೆಯದು. ಎರಟೋಸ್ತನೀಸ್‌ನಿಂದ ಹಾರಿದ ಮಣ್ಣು ಲಾವಾ ಬಯಲಿನ ಮೇಲೆ ಬಿದ್ದಿದೆ, ಆದ್ದರಿಂದ ಅದು ಲಾವಾಕ್ಕಿಂತ ಹೊಸದು. ಕೊಪರ್ನಿಕಸ್‌ನಿಂದ ಹರಡಿದ ಬಿಳಿ ಪಟ್ಟೆಗಳು ಎರಟೋಸ್ತನೀಸ್‌ನ ಮೇಲೂ ಹಾದುಹೋಗಿವೆ. ಹಾಗಾಗಿ ಕೊಪರ್ನಿಕಸ್ ಎಲ್ಲಕ್ಕಿಂತ ಹೊಸದು.

ಭೂವಿಜ್ಞಾನಿಗಳಾದ ಯೂಜೀನ್ ಶೂಮೇಕರ್ ಮತ್ತು ರಾಬರ್ಟ್ ಹ್ಯಾಕ್‌ಮನ್ 1960ರ ದಶಕದ ಆರಂಭದಲ್ಲಿ ಇದೇ ಪ್ರದೇಶವನ್ನು ಹೀಗೇ ಓದಿ ಚಂದ್ರನ ಇತಿಹಾಸದ ಕಾಲಗಳನ್ನು ಗೊತ್ತು ಮಾಡಿದರು. ಇಂಬ್ರಿಯನ್, ಎರಟೋಸ್ತನಿಯನ್, ಕೊಪರ್ನಿಕನ್ ಅನ್ನುವ ಹೆಸರುಗಳು ಇಲ್ಲಿಂದಲೇ ಬಂದವು. ಆಗಿನ್ನೂ ಯಾವ ಮನುಷ್ಯನೂ ಚಂದ್ರನ ಮೇಲೆ ಕಾಲಿಟ್ಟಿರಲಿಲ್ಲ. ವಯಸ್ಸು ಎಷ್ಟು ವರ್ಷ ಅಂತ ಹೇಳಲು ಮಾತ್ರ ಕಲ್ಲು ಕೈಗೆ ಸಿಗಬೇಕಿತ್ತು. ಅಪೊಲೊ 12 ಇಳಿದ ಕಡೆ ಕೊಪರ್ನಿಕಸ್‌ನ ಒಂದು ಪಟ್ಟೆ ಹಾದುಹೋಗಿದೆ. ಅಲ್ಲಿನ ಮಣ್ಣಿನಲ್ಲಿ ಸಿಕ್ಕ, ಆ ಪಟ್ಟೆಯದೇ ಇರಬೇಕು ಅಂತ ತಿಳಿಯಲಾದ ಗಾಜಿನಂಥ ತುಣುಕುಗಳಿಂದ ಕುಳಿಯ ವಯಸ್ಸು ಸುಮಾರು 80 ಕೋಟಿ ವರ್ಷ ಅಂತ ಲೆಕ್ಕ ಹಾಕಿದರು. ಎರಟೋಸ್ತನೀಸ್‌ಗೆ ಸುಮಾರು 320 ಕೋಟಿ ವರ್ಷ ಅನ್ನುತ್ತಾರೆ.

ಆಳ ನೀವೇ ಅಳೆಯಿರಿ

ಇದನ್ನು ಹೈಸ್ಕೂಲ್ ಮಕ್ಕಳ ಕೈಯಲ್ಲಿ ಮಾಡಿಸಿ. ಫೋನಿನಲ್ಲಿ ತೆಗೆದ ಒಂದು ಫೋಟೊ, ಒಂದು ಸ್ಕೇಲ್ ಸಾಕು.

ಪೂರ್ವದ ಅಂಚಿನ ನೆರಳು ಕುಳಿಯ ಸಮತಟ್ಟು ನೆಲದ ಮೇಲೆ ಮುಗಿಯುವ ಹೊತ್ತಿನ ಫೋಟೊ ಬೇಕು. ನೆರಳಿನ ತುದಿ ಮೆಟ್ಟಿಲುಗಳ ಮೇಲೋ ನಡುಬೆಟ್ಟದ ಮೇಲೋ ಬಿದ್ದಿದ್ದರೆ ಲೆಕ್ಕ ತಪ್ಪುತ್ತದೆ. ಮೊದಲು ಫೋಟೊದಲ್ಲಿ ಕುಳಿಯ ಪೂರ್ವ ಪಶ್ಚಿಮ ಅಗಲ ಅಳೆಯಿರಿ. ಅದು 93 ಕಿ.ಮೀ. ಆಮೇಲೆ ಅದೇ ದಿಕ್ಕಿನಲ್ಲಿ ನೆರಳಿನ ಉದ್ದ ಅಳೆದು ಕಿ.ಮೀ.ಗೆ ತಿರುಗಿಸಿ.

ಇನ್ನು ಅಲ್ಲಿ ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ ಅಂತ ಬೇಕು. ಅದಕ್ಕೂ ಅದೇ ಫೋಟೊ ಸಾಕು. ಕೊಪರ್ನಿಕಸ್‌ನ ಅಗಲ ಚಂದ್ರನ ನೆಲದ ಮೇಲೆ ಸುಮಾರು 3 ಡಿಗ್ರಿ. ಕುಳಿಯ ನಡುವಿನಿಂದ ಕತ್ತಲ ಗೆರೆಗೆ ಎಷ್ಟು ಕುಳಿಯಗಲ ದೂರ ಇದೆ ನೋಡಿ, ಮೂರರಿಂದ ಗುಣಿಸಿ. ಸೂರ್ಯನ ಎತ್ತರ ಡಿಗ್ರಿಯಲ್ಲಿ ಬಂತು. ಗೆರೆಯನ್ನು ನುಣುಪಾದ ಬಯಲಿನ ಮೇಲೆ ಗುರುತಿಸಿ, ಬೆಟ್ಟ ಇರುವ ಕಡೆ ಅದು ಅಂಕುಡೊಂಕಾಗಿರುತ್ತದೆ.

ಒಂದು ಉದಾಹರಣೆ. ಗೆರೆ ಎರಡು ಕುಳಿಯಗಲ ಆಚೆ ಇದೆ ಅಂದುಕೊಳ್ಳಿ. ಸೂರ್ಯನ ಎತ್ತರ 6 ಡಿಗ್ರಿ. ನೆರಳು ಕುಳಿಯ ಅಗಲದ ನೂರರಲ್ಲಿ 39 ಪಾಲು ಇದ್ದರೆ ಅದರ ಉದ್ದ 36 ಕಿ.ಮೀ. 6 ಡಿಗ್ರಿಯ ಟ್ಯಾನ್ 0.105. ಗುಣಿಸಿದರೆ 3.8 ಕಿ.ಮೀ. ಬೇರೆ ಎತ್ತರಗಳಿಗೆ ಟ್ಯಾನ್ ಬೇಕಾದರೆ 5 ಡಿಗ್ರಿಗೆ 0.087, 7ಕ್ಕೆ 0.123, 8ಕ್ಕೆ 0.141. ನಿಮಗೆ ಮೂರೂವರೆ ಬರಬಹುದು, ನಾಲ್ಕು ಬರಬಹುದು. ಪರವಾಗಿಲ್ಲ. ಮೂರು ಲಕ್ಷ ಎಂಬತ್ತು ಸಾವಿರ ಕಿ.ಮೀ. ದೂರದ ಗುಂಡಿಯ ಆಳ ಅಳೆದಿದ್ದೀರಿ.

ಫೋಟೊ ತೆಗೆಯುವಾಗ ಫೋನನ್ನು ಐಪೀಸಿಗೆ ಕೈಯಲ್ಲಿ ಹಿಡಿಯುವ ಬದಲು ಅಡಾಪ್ಟರ್ ಹಾಕಿ. ಪರದೆಯ ಮೇಲೆ ಕುಳಿಯನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕು ಕಡಿಮೆ ಮಾಡಿ. ಫೋಟೊಗಿಂತ ಒಂದು ನಿಮಿಷದ ವಿಡಿಯೊ ಒಳ್ಳೆಯದು. ಗಾಳಿ ಒಂದು ಕ್ಷಣ ನಿಂತಾಗ ಸಿಕ್ಕ ಸ್ಪಷ್ಟ ಫ್ರೇಮನ್ನು ಆಮೇಲೆ ಆರಿಸಿಕೊಳ್ಳಬಹುದು.

ಹುಣ್ಣಿಮೆ ಮತ್ತು ಬಹುಳ ನವಮಿ

ಈಗ ಹುಣ್ಣಿಮೆಗೆ ಬನ್ನಿ. ಅವತ್ತು ಕುಳಿಯ ಆಳ ಕಾಣಲ್ಲ, ಆದರೆ ಬಿಳಿ ಪಟ್ಟೆಗಳು ಪೂರ್ತಿ ಹರಡಿಕೊಂಡು ಕಾಣುತ್ತವೆ, ಸುಮಾರು 800 ಕಿ.ಮೀ. ದೂರದವರೆಗೆ. ಬೈನಾಕ್ಯುಲರ್‌ನಲ್ಲಿ ಬಲು ಸೊಗಸು. ಬರಿಗಣ್ಣಿಗೂ ಕಪ್ಪು ಬಯಲಿನ ನಡುವೆ ಒಂದು ಬೆಳ್ಳಗಿನ ಮಚ್ಚೆ ಕಾಣುತ್ತದೆ. ದಕ್ಷಿಣದ ಟೈಕೋ ಕುಳಿಯ ಪಟ್ಟೆಗಳ ಜೊತೆ ಹೋಲಿಸಿ. ಟೈಕೋದ್ದು ಉದ್ದ, ನೇರ, ಬಹಳ ಬೆಳ್ಳಗೆ. ಅದರ ವಯಸ್ಸು ಸುಮಾರು 11 ಕೋಟಿ ವರ್ಷ ಅಷ್ಟೇ. ಕೊಪರ್ನಿಕಸ್‌ನದು ಮಬ್ಬು, ಎಳೆ ಎಳೆ. ಸೂರ್ಯನಿಂದ ಬರುವ ಕಣಗಳು ಮತ್ತು ಸಣ್ಣ ಉಲ್ಕೆಗಳು ಬಡಿದು ಬಡಿದು ಚಂದ್ರನ ಮಣ್ಣು ನಿಧಾನವಾಗಿ ಕಪ್ಪಾಗುತ್ತದೆ. ಎರಟೋಸ್ತನೀಸ್‌ಗೆ ಪಟ್ಟೆಗಳೇ ಉಳಿದಿಲ್ಲ. ನವಮಿ ದಿನ ಅಷ್ಟು ಆಳವಾಗಿ ಕಂಡ ಆ ಕುಳಿಯನ್ನು ಹುಣ್ಣಿಮೆ ದಿನ ಹುಡುಕಿ ನೋಡಿ, ಸಿಗುವುದೇ ಕಷ್ಟ.

ಬೆಳಗಿನ ಜಾವ ಏಳುವ ಅಭ್ಯಾಸ ಇರುವವರಿಗೆ ಬಹುಳ ನವಮಿ ಇದೆ. ಚಂದ್ರ ರಾತ್ರಿ ಒಂದರ ಆಸುಪಾಸಿಗೆ ಮೂಡುತ್ತಾನೆ, ನಾಲ್ಕೂವರೆಗೆ ಚೆನ್ನಾಗಿ ಮೇಲೆ ಬಂದಿರುತ್ತಾನೆ. ಆಗ ಕೊಪರ್ನಿಕಸ್‌ನಲ್ಲಿ ಸಂಜೆ. ಬೆಳಕು ಪಶ್ಚಿಮದಿಂದ ಬರುತ್ತಿರುತ್ತದೆ. ಶುದ್ಧ ದಶಮಿಗೆ ನೆರಳಲ್ಲಿದ್ದ ಪೂರ್ವದ ಗೋಡೆಯ ಮೆಟ್ಟಿಲುಗಳು ಈಗ ಬೆಳಕಿಗೆ ಬಂದಿರುತ್ತವೆ. ಮಾಳಿಗೆಯೂ ಅಷ್ಟೊತ್ತಿಗೆ ತಣ್ಣಗಾಗಿರುತ್ತದೆ, ಗಾಳಿಯೂ ಸಾಮಾನ್ಯವಾಗಿ ಕಡಿಮೆ. ಎರಡೂ ರಾತ್ರಿಯ ಫೋಟೊ ಅಕ್ಕಪಕ್ಕ ಇಟ್ಟರೆ ಕುಳಿಯ ಎರಡೂ ಗೋಡೆ ಪೂರ್ತಿಯಾಗಿ ಸಿಗುತ್ತವೆ.

ಸಾಧ್ಯವಾದರೆ ಕೈಯಲ್ಲಿ ಚಿತ್ರವನ್ನೂ ಬರೆಯಿರಿ. ಬಿಳಿ ಹಾಳೆ, ಪೆನ್ಸಿಲ್, ಬಳೆ ಇಟ್ಟು ಎಳೆದ ಒಂದು ವೃತ್ತ. ಮೊದಲು ನೆರಳಿನ ಆಕಾರ ಬರೆದು ಕಪ್ಪು ತುಂಬಿ, ಆಮೇಲೆ ಮೆಟ್ಟಿಲು, ಕೊನೆಗೆ ಬೆಟ್ಟದ ಚುಕ್ಕೆಗಳು. ನೆರಳು ಸರಿಯುತ್ತಲೇ ಇರುವುದರಿಂದ ಅರ್ಧ ಗಂಟೆಯೊಳಗೆ ಮುಗಿಸಬೇಕು. ಹಾಳೆಯ ಮೂಲೆಯಲ್ಲಿ ತಾರೀಖು, ಗಂಟೆ, ತಿಥಿ, ಎಷ್ಟು ಪಟ್ಟು ಅನ್ನುವುದನ್ನು ಬರೆದಿಡಿ. ಮುಂದಿನ ದಶಮಿಗೆ ಇದೇ ಹಾಳೆ ತೆಗೆದುಕೊಂಡು ಹತ್ತಿದರೆ ಚಂದ್ರ ಓಲಾಡಿದ್ದರಿಂದ ಎಷ್ಟು ಬದಲಾಗಿದೆ ಅಂತ ಹಾಳೆಯೇ ಹೇಳುತ್ತದೆ.